ಎಣಿಕೆಗೆ ಸಿಗದ ಮತ

"ನಾನು ಓಡಿಹೋದೆ ಅಂತ ಎಲ್ಲರೂ ಹೇಳ್ತಿದ್ದಾರೆ. ನಾನು ಓಡಿಹೋಗಿಲ್ಲ. ನನ್ನನ್ನ ಕೂಡಿಹಾಕಿದ್ರು," ಎಂದರು ಶಾಸಕಿ. ಕುರ್ಚಿ ತೋರಿಸಿದರೂ ಅವರು ಕೂರಲಿಲ್ಲ.

ಕೆಳಗೆ ಕನ್ನಡಕದ ಅಂಗಡಿ, ಮೇಲೆ ಪತ್ತೇದಾರರ ಕೋಣೆ. ಅಂಗಡಿ ಪತ್ತೇದಾರರ ಭಾವಮೈದನದು. ಅವನ ಅಕ್ಕ ತೀರಿಕೊಂಡ ಮೇಲೆ ಪತ್ತೇದಾರ ಭಾವ ಮೇಲಿನ ಕೋಣೆಗೆ ಬಂದು ನೆಲೆಸಿದ್ದರು. ಕೇಸು ಬಂದಾಗಲೆಲ್ಲ ಭಾವಮೈದ ಅಂಗಡಿಗೆ ಬಾಗಿಲೆಳೆದು ಮೆಟ್ಟಿಲು ಹತ್ತುತ್ತಿದ್ದ. ಭಾವ ಮಾತಿನಲ್ಲಿ ಬಲು ಜಿಪುಣರು. ಬಂದವರು ಆಡಿದ ಮಾತಿಗಿಂತ ನುಂಗಿಕೊಂಡ ಮಾತಿನ ಮೇಲೆಯೇ ಅವರ ಗಮನ. ಹಾಗಾಗಿ ಪ್ರಶ್ನೆ ಕೇಳುವ ಕೆಲಸ ಭಾವಮೈದನ ಪಾಲಿಗೆ ಬೀಳುತ್ತಿತ್ತು.

"ಮೊದಲಿಂದ ಹೇಳಿ ಮೇಡಂ," ಎಂದ ಅವನು.

ಶಾಸಕಿಯ ಕ್ಷೇತ್ರದ ತುಂಬ ಸುಣ್ಣದ ಗೂಡುಗಳು. ಅಜ್ಜ ಮುತ್ತಜ್ಜಂದಿರ ಕಾಲದಿಂದ ಅದು ಎದುರು ಪಕ್ಷದ ಭದ್ರಕೋಟೆ. ಹೋದ ಚುನಾವಣೆಯಲ್ಲಿ ಆ ಪಕ್ಷದ ಇಬ್ಬರು ಜಗಳವಾಡಿಕೊಂಡು ಇಬ್ಬರೂ ನಿಂತರು. ಆ ಸಂದಿಯಲ್ಲಿ ಇವರು ನುಸುಳಿ ಗೆದ್ದರು. ಈಗ ಇವರ ಪಕ್ಷದ ಸರ್ಕಾರವೇ ನದಿದಂಡೆಯ ಗೂಡುಗಳನ್ನೆಲ್ಲ ಮುಚ್ಚಿಸುವ ಮಸೂದೆ ತಂದಿತ್ತು. ಪರವಾಗಿ ಮತ ಹಾಕಿದರೆ ಕ್ಷೇತ್ರ ಕೈಬಿಟ್ಟಂತೆ. ವಿರುದ್ಧ ಹಾಕಿದರೆ ಪಕ್ಷ ಕೈಬಿಟ್ಟಂತೆ. ನಿನ್ನೆ ಮಧ್ಯಾಹ್ನ ಮತದಾನವಿತ್ತು.

"ಬೆಳಗ್ಗೆಯೇ ಪತ್ರಿಕೆಯವರಿಗೆ ಹೇಳಿದ್ದೆ. ಮತ ಹಾಕೇ ಹಾಕ್ತೀನಿ, ಯಾವ ಕಡೆ ಅಂತ ಸಭೆಯಲ್ಲೇ ನೋಡಿ ಅಂತ. ಮತಕ್ಕೆ ಕರೆಯೋ ಎಚ್ಚರಿಕೆಯ ಗಂಟೆ ಹೊಡೀತು. ಕಡತ ಮುಚ್ಚಿ ಎದ್ದು ಬಾಗಿಲು ಎಳೆದರೆ ಬರಲಿಲ್ಲ. ಹೊರಗಿನಿಂದ ಚಿಲಕ ಹಾಕಿದ್ರು."

"ಫೋನ್ ಮಾಡಬಹುದಿತ್ತಲ್ಲ?"

"ಅಧಿವೇಶನದ ಹೊತ್ತಿಗೆ ಮೊಬೈಲ್ ಕೆಲಸ ಮಾಡಲ್ಲ. ಕಟ್ಟಡದೊಳಗಿನ ಫೋನಿಂದ ಸಭೆಯ ಬಾಗಿಲಲ್ಲಿರೋ ಸಚೇತಕರ ಮೇಜಿಗೆ ಮಾಡಿದೆ. ಯಾರೋ ಎತ್ತಿ ಹಾಗೇ ಇಟ್ಟರು. ಲೈನ್ ಸರಿ ಇಲ್ಲ ಅಂದ್ಕೊಂಡು ಕಾವಲುಗಾರನಿಗೆ ಮಾಡಿದೆ. ಅವನು ಬಂದು ಬಾಗಿಲು ತೆಗೆಯೋ ಹೊತ್ತಿಗೆ ಎಲ್ಲ ಮುಗಿದಿತ್ತು. ನಲವತ್ತು, ನಲವತ್ತು. ಸಮ ಆದ್ರೆ ನಮ್ಮಲ್ಲಿ ಮಸೂದೆ ಬಿದ್ದ ಹಾಗೆ."

ಭಾವ ಮೊದಲ ಬಾರಿಗೆ ಬಾಯಿ ತೆರೆದರು. "ಯಾವ ಕಡೆ ಹಾಕೋರಿದ್ರಿ?"

"ಮಸೂದೆ ಪರ. ಗೂಡಿನ ಹೊಗೆಗೆ ನಮ್ಮ ಕಡೆ ಮಕ್ಕಳು ಕೆಮ್ಮೋದನ್ನ ನೀವು ಕೇಳಿಲ್ಲ."

"ಇದು ಯಾರಿಗೆ ಗೊತ್ತಿತ್ತು?"

"ನಮ್ಮಣ್ಣನಿಗೆ ಮಾತ್ರ. ಮೊನ್ನೆ ಮನೆಯಲ್ಲಿ ಹೇಳಿದೆ."

ಭಾವ ಕಾದರು. ಕೊನೆಗೆ ಶಾಸಕಿ ಕುರ್ಚಿ ಎಳೆದುಕೊಂಡು ಕೂತರು.

"ಮಸೂದೆ ಪರ ಮತದ ಗುಂಡಿ ಒತ್ತಿದ್ರೆ ನಮ್ಮನೆ ಮೆಟ್ಟಿಲು ಹತ್ತಬೇಡ ಅಂದ. ನನ್ನ ಚುನಾವಣೆಯೆಲ್ಲ ನಡೆಸಿದ್ದು ಅವನೇ. ಅಪ್ಪ ಹೋದ ಮೇಲೆ ನನ್ನ ಸಾಕಿದವನು. ನಿನ್ನೆ ಕೂಡ ನನ್ನ ಕಚೇರಿಗೆ ಬಂದಿದ್ದ. ಅವನೇ ಮಾಡಿದ್ದರೆ..." ಅವರು ತಲೆ ಕೊಡವಿದರು. "ಸಂಜೆ ಶಿಸ್ತು ಸಭೆ. ನನ್ನನ್ನ ಪಕ್ಷದಿಂದ ಹೊರಗೆ ಹಾಕ್ತಾರೆ. ಯಾರೋ ಬೇಕಂತಲೇ ತಡೆದರು ಅಂತ ಸಾಬೀತಾದ್ರೆ ಇನ್ನೊಮ್ಮೆ ಮತ ತಗೊಳ್ತೀನಿ ಅಂತ ಸಭಾಧ್ಯಕ್ಷರು ಹೇಳಿದ್ದಾರೆ. ಅಣ್ಣ ಆದ್ರೂ ಸರಿ, ಕಂಡುಹಿಡೀರಿ."

ಶಾಸಕರ ಕಚೇರಿಗಳ ಉದ್ದನೆಯ ಓಣಿಯಲ್ಲಿ ಎಲ್ಲ ಬಾಗಿಲಿಗೂ ಹೊರಗೆ ಹಿತ್ತಾಳೆಯ ಚಿಲಕ. ಭಾವಮೈದ ಬಗ್ಗಿ, ಕಣ್ಣು ಕಿರಿದು ಮಾಡಿ, ಮೂಗು ತಾಗಿಸುವಷ್ಟು ಹತ್ತಿರದಿಂದ ನೋಡಿದ.

"ಮೂಸಿ ನೋಡು, ಇನ್ನೂ ಗೊತ್ತಾಗಬಹುದು," ಎಂದರು ಭಾವ. "ಯಾರು ಬೇಕಾದ್ರೂ ಎಳೆಯಬಹುದಾದ ಚಿಲಕ. ಅದು ಏನೂ ಹೇಳಲ್ಲ."

ಹೇಳಿದವನು ಕಾವಲುಗಾರ. ಎಚ್ಚರಿಕೆಯ ಗಂಟೆಗೂ ಸ್ವಲ್ಪ ಮುಂಚೆಯೇ ಹೊರಗಿನವರ ಪಾಸು ವಾಪಸು ಪಡೆದು ಗೇಟಿನಾಚೆ ಕಳಿಸುವುದು ಪದ್ಧತಿ. "ಮೇಡಂ ಅಣ್ಣನ ಪಾಸು ನಾನೇ ತಗೊಂಡೆ ಸರ್. ಸಿಟ್ಟಲ್ಲಿದ್ರು, ಎಸೆದ ಹಾಗೆ ಕೊಟ್ರು. ಅವರು ಗೇಟು ದಾಟಿ ಹೋದ ಮೇಲೆ ಮೇಡಂ ಬಾಟಲಿಗೆ ನೀರು ಹಿಡ್ಕೊಂಡು ಒಳಗೆ ಹೋಗಿದ್ದನ್ನೂ ನೋಡಿದೀನಿ. ಆಮೇಲೆ ಗೂಡಿನ ಕೆಲಸದವರು ಗೇಟಿನ ಹತ್ತಿರ ನುಗ್ಗಿದ್ರು, ಆ ಕಡೆ ಓಡಿದೆ."

ಭಾವಮೈದನಿಗೆ ನಿರಾಳವಾಯಿತು, ಜೊತೆಗೆ ಸ್ವಲ್ಪ ನಿರಾಸೆಯೂ ಆಯಿತು. ಅಣ್ಣನೇ ಅಪರಾಧಿ ಎಂದು ಅವನು ಆಗಲೇ ತೀರ್ಮಾನಿಸಿಬಿಟ್ಟಿದ್ದ.

ಸಚೇತಕರು ಚಹಾದ ಕೋಣೆಯಲ್ಲಿ ಸಿಕ್ಕರು. ಪಕ್ಷದ ಶಾಸಕರನ್ನೆಲ್ಲ ಹೊತ್ತಿಗೆ ಸರಿಯಾಗಿ ಸಭೆಗೆ ತಂದು ಕೂರಿಸುವುದು, ಯಾರ ಮತ ಯಾವ ಕಡೆ ಎಂದು ಮೊದಲೇ ಎಣಿಸಿಡುವುದು ಅವರ ಕೆಲಸ. ಶಿಸ್ತು ಸಭೆಗೆ ದೂರು ಕೊಟ್ಟವರೂ ಅವರೇ.

"ಮೂವತ್ತು ವರ್ಷದಿಂದ ಎಣಿಸ್ತಿದೀನಿ," ಎಂದರು ಅವರು ಬಿಸ್ಕತ್ತು ಅದ್ದುತ್ತಾ. "ನಿನ್ನೆ ತಿಂಡಿ ಹೊತ್ತಿಗೇ ಮಂತ್ರಿಗಳಿಗೆ ಹೇಳಿದ್ದೆ, ಒಂದೇ ಒಂದು ಮತದಲ್ಲಿ ಗೆಲ್ತೀವಿ ಅಂತ. ಗಂಟೆಯಾದ ಮೇಲೆ ಓಣಿಯ ಪಾಯಿಖಾನೆಯಲ್ಲಿದ್ದ ಒಬ್ಬರನ್ನ ಬಾಗಿಲು ಬಡಿದು, ಪ್ಯಾಂಟು ಸರಿ ಮಾಡ್ಕೊಳ್ಳೋಕೂ ಬಿಡದೆ ಎಳ್ಕೊಂಡು ಬಂದೆ. ಇಷ್ಟೆಲ್ಲ ಮಾಡಿ ಏನು ಬಂತು? ಮಾತು ಕೊಟ್ಟಿದ್ದ ಅಜ್ಜ ಗುಂಡಿ ಒತ್ತದೆ ಕೂತ್ರು. ಆಯಮ್ಮ ಕಣ್ಮರೆ ಆದ್ರು."

ಅಜ್ಜ ಎಂದರೆ ಪಕ್ಷದ ಅತಿ ಹಿರಿಯ ಶಾಸಕರು. ಅವರದೂ ಎದುರು ಪಕ್ಷದ ನೆಲೆಯೇ, ಶಾಸಕಿಯ ಪಕ್ಕದ ಕ್ಷೇತ್ರ. ಯಾಕೆ ಒತ್ತಲಿಲ್ಲ ಎಂದು ಕೇಳಿದ್ದಕ್ಕೆ ಅವರು ನಾಚಿಕೊಂಡೇ ಉತ್ತರಿಸಿದರು.

"ಒತ್ತೋಣ ಅಂತಲೇ ಹೋಗಿದ್ದೆ ಮಗಾ. ತಿರುಗಿ ನೋಡಿದ್ರೆ ಅವಳ ಕುರ್ಚಿ ಖಾಲಿ. ಅಷ್ಟು ಗಟ್ಟಿಗಿತ್ತಿಯೇ ಜಾಗ ಬಿಟ್ಟಿರುವಾಗ ನಾನ್ಯಾಕೆ ಈ ವಯಸ್ಸಲ್ಲಿ ಊರವರ ಕೈಲಿ ಉಗಿಸ್ಕೊಳ್ಳಲಿ ಅನ್ನಿಸ್ತು. ಬೆರಳೇ ಏಳಲಿಲ್ಲ."

ಓಣಿಗೆ ಬಂದ ಮೇಲೆ ಭಾವಮೈದ ತಡೆಯಲಾರದೆ ಕೇಳಿದ, "ಮಸೂದೆ ಬಿದ್ದಿದ್ದರಿಂದ ಲಾಭ ಎದುರು ಪಕ್ಷಕ್ಕೆ. ಅಲ್ಲಿ ಹುಡುಕೋಣ್ವಾ ಭಾವ?"

"ಲಾಭ ಯಾರಿಗೆ ಆಯ್ತು ಅಂತ ಕೇಳ್ತಿದ್ದೀಯ. ಲಾಭ ಆಗುತ್ತೆ ಅಂತ ಯಾರು ನಂಬಿದ್ರು? ಅದನ್ನ ಕೇಳು," ಎಂದರು ಭಾವ. ಹಾಗೆಯೇ ಮುಂದೆ ನಡೆದುಬಿಟ್ಟರು. ಅಂಥ ಹೊತ್ತಿನಲ್ಲಿ ಭಾವನನ್ನು ಕೆದಕಿ ಪ್ರಯೋಜನವಿಲ್ಲವೆಂದು ಭಾವಮೈದನಿಗೆ ಗೊತ್ತಿತ್ತು.

ಸಂಜೆ ಪಕ್ಷದ ಕೋಣೆಯಲ್ಲಿ ಉದ್ದನೆಯ ಮೇಜಿನ ಸುತ್ತ ಎಲ್ಲರೂ ಸೇರಿದರು. ತಲೆಭಾಗದಲ್ಲಿ ಮಂತ್ರಿ, ಅವರ ಬಲಕ್ಕೆ ಸಚೇತಕರು. ಎಡಕ್ಕೆ ಅಜ್ಜ. ಶಾಸಕಿ ಮತ್ತು ಅವರ ಅಣ್ಣನ ನಡುವೆ ಒಂದು ಕುರ್ಚಿಯ ಅಂತರ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ.

"ಅಣ್ಣನಿಂದ ಶುರು ಮಾಡ್ತೀನಿ," ಎಂದರು ಭಾವ. "ತಂಗಿ ಮಸೂದೆ ಪರ ಅನ್ನೋದು ಇವರಿಗೊಬ್ಬರಿಗೇ ಗೊತ್ತಿತ್ತು. ಆದ್ರೆ ಇವರು ಗೇಟು ದಾಟಿದ ಮೇಲೆ ಆಕೆ ನೀರು ತರೋಕೆ ಹೊರಗೆ ಬಂದಿದ್ದಾರೆ. ಆಗ ಚಿಲಕ ಇರಲಿಲ್ಲ. ಇವರಲ್ಲ."

ಅಣ್ಣ ತಟ್ಟನೆ ತಂಗಿಯ ಕಡೆ ತಿರುಗಿದ. "ನಾನೇ ಮಾಡಿದೆ ಅಂದ್ಕೊಂಡಿದ್ಯಾ ನೀನು?"

"ನೀನು ಮೆಟ್ಟಿಲು ಹತ್ತಬೇಡ ಅಂದಿದ್ದೆ."

"ಅಂದೆ. ಅಂದ ಮಾತ್ರಕ್ಕೆ ನಿನ್ನ ಕೂಡಿಹಾಕ್ತೀನಾ? ತಲೆ ನೆಟ್ಟಗಿದೆಯಾ ನಿಂಗೆ?"

ಭಾವ ಮುಂದುವರಿಸಿದರು. "ಉಳಿದವರಿಗೆಲ್ಲ ಆಕೆಯ ಮನಸ್ಸು ಗೊತ್ತಿರಲಿಲ್ಲ. ಎದುರು ಪಕ್ಷದವರ ನೆಲದಲ್ಲಿ ಗೆದ್ದವರು ಕುರ್ಚಿ ಉಳಿಸಿಕೊಳ್ಳೋಕೆ ಪಕ್ಷದ ವಿರುದ್ಧ ಹಾಕ್ತಾರೆ ಅಂತಲೇ ಊಹಿಸ್ತಾರೆ. ಹಾಗೆ ಊಹಿಸಿದ ಎದುರು ಪಕ್ಷದವರು ಆಕೆಯನ್ನ ಹೊತ್ತುಕೊಂಡಾದ್ರೂ ಸಭೆಗೆ ತರ್ತಿದ್ರು, ಕೂಡಿಹಾಕ್ತಿರಲಿಲ್ಲ. ಆಕೆ ಬರಬಾರದು ಅಂತ ಬೇಕಿದ್ದದ್ದು ಮಸೂದೆ ಗೆಲ್ಲಬೇಕು ಅಂತಿದ್ದವರಿಗೆ."

ಭಾವ ಮೇಜಿನ ತಲೆಭಾಗದ ಕಡೆ ತಿರುಗಿದರು.

"ಮಂತ್ರಿಗಳೇ, ನಿನ್ನೆ ತಿಂಡಿ ಹೊತ್ತಿಗೆ ಸಚೇತಕರು ನಿಮಗೆ ಏನಂದ್ರು?"

"ಒಂದು ಮತದಲ್ಲಿ ಗೆಲ್ತೀವಿ ಅಂದ್ರು."

"ಅಜ್ಜ ಒತ್ತದೆ ನಲವತ್ತು, ನಲವತ್ತು ಬಂತು. ಅಜ್ಜ ಆಗಲೇ ಮಾತು ಕೊಟ್ಟಿದ್ರು, ಅವರನ್ನ ಸೇರಿಸಿದ್ರೆ ನಲವತ್ತೊಂದು, ನಲವತ್ತು. ಶಾಸಕಿ ಪರ ಅಂತ ಎಣಿಸಿದ್ರೆ ಎರಡು ಮತದ ಗೆಲುವು. ವಿರುದ್ಧ ಅಂತ ಎಣಿಸಿದ್ರೆ ಸಮ, ಅಂದ್ರೆ ಸೋಲು. ಒಂದು ಮತದ ಗೆಲುವು ಬರೋದು ಒಂದೇ ದಾರಿಯಲ್ಲಿ. ಆಕೆ ಸಭೆಯಲ್ಲೇ ಇರಬಾರದು. ಮತ ಹಾಕೇ ಹಾಕ್ತೀನಿ ಅಂತ ಆಕೆ ಪತ್ರಿಕೆಯವರ ಮುಂದೆ ಹೇಳಿದ ಬೆಳಗ್ಗೆಯೇ, ಆಕೆ ಇರಲ್ಲ ಅಂತ ಎಣಿಸಿಟ್ಟಿದ್ದವರು ಯಾರು?"

ಎಲ್ಲರ ಕಣ್ಣೂ ಸಚೇತಕರ ಮೇಲೆ ನೆಟ್ಟವು.

"ಇದೆಲ್ಲ ಬರೀ ಗಣಿತ," ಎಂದರು ಅವರು. ಆದರೆ ದನಿಯಲ್ಲಿ ಬೆಳಗಿನ ಠೇಂಕಾರ ಇರಲಿಲ್ಲ.

"ಗಣಿತ ನಿಮ್ಮದೇ. ಇನ್ನೂ ಇದೆ. ಪಾಯಿಖಾನೆಯಲ್ಲಿದ್ದವರನ್ನ ಎಳೆದು ತಂದಿರಿ. ಅದು ಆಕೆಯ ಕಚೇರಿ ಇರೋ ಓಣಿ. ಯಾರೊಬ್ಬರನ್ನೂ ಬಿಡದ ನೀವು ಆಕೆಯ ಬಾಗಿಲನ್ನ ಮಾತ್ರ ಬಡಿಯಲಿಲ್ಲ. ನಿಮ್ಮ ಮೇಜಿಗೆ ಆಕೆ ಫೋನ್ ಮಾಡಿದ್ರು. ಎತ್ತಿ ಇಟ್ಟಿರಿ. ಮತದಾನದ ಹೊತ್ತಲ್ಲಿ ಕಾಣೆಯಾದ ಶಾಸಕರ ಫೋನನ್ನ ಹಾಗೆ ಇಡೋ ಸಚೇತಕ ಎಲ್ಲಾದ್ರೂ ಉಂಟಾ?"

ಸಚೇತಕರು ತಮ್ಮ ಅಂಗೈ ನೋಡಿಕೊಂಡರು. ಒಬ್ಬ ಮನುಷ್ಯ ತನ್ನ ಇಡೀ ವೃತ್ತಿಯನ್ನು ಮತ್ತೆ ಮೊದಲಿಂದ ಎಣಿಸುತ್ತಿದ್ದಾನೆ ಎಂದು ಭಾವಮೈದನಿಗೆ ಅನ್ನಿಸಿತು.

"ಮೂವತ್ತು ವರ್ಷದಲ್ಲಿ," ಎಂದರು ಕೊನೆಗೆ, "ಅಂಥ ಕ್ಷೇತ್ರದವರು ಒಬ್ಬರೂ ಸೀಟು ಕಳ್ಕೊಳ್ಳೋ ಮತ ಹಾಕಿದ್ದನ್ನ ನಾನು ನೋಡಿಲ್ಲ. ಒಬ್ಬರೂ. ಆಮೇಲೆ ಚಿಲಕ ತೆಗೆದು, ಗಾಳಿಗೆ ಬಿಗಿದಿತ್ತು ಅನ್ನೋಣ ಅಂದ್ಕೊಂಡಿದ್ದೆ. ಕಾವಲುಗಾರ ಮೊದಲೇ ಬಂದುಬಿಟ್ಟ. ಮಸೂದೆ ಬಿದ್ದ ಮೇಲೆ ಯಾರನ್ನಾದ್ರೂ ಮುಂದೆ ತಳ್ಳಬೇಕಿತ್ತು."

"ಒಂದು ಮಾತು ನನ್ನನ್ನ ಕೇಳಿದ್ರೆ ಸಾಕಿತ್ತು," ಎಂದರು ಶಾಸಕಿ.

"ಕೇಳಿದ್ರೆ ನಿಜ ಹೇಳೋರನ್ನೂ ನಾನು ನೋಡಿಲ್ಲಮ್ಮ."

"ನೀವು ಹಾಕಿದ ಚಿಲಕಕ್ಕೆ ನನ್ನ ಬೆರಳೂ ಸಿಕ್ಕಿಕೊಳ್ತು ನೋಡಿ," ಎಂದರು ಅಜ್ಜ. ಯಾರೋ ನಕ್ಕರು, ತಕ್ಷಣ ಬಾಯಿ ಮುಚ್ಚಿಕೊಂಡರು.

ಮಂತ್ರಿ ಸಚೇತಕರನ್ನು ಅಲ್ಲಿಯೇ ಹುದ್ದೆಯಿಂದ ಇಳಿಸಿದರು. ಸಭಾಧ್ಯಕ್ಷರಿಗೆ ಸುದ್ದಿ ಹೋಯಿತು, ನಾಳೆಯೇ ಮರುಮತದಾನವೆಂದು ಉತ್ತರ ಬಂತು. ಆಮೇಲೆ ಮಂತ್ರಿ ಶಾಸಕಿಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ದನಿ ತಗ್ಗಿಸಿದರು.

"ನಿಮ್ಮ ಮೇಲಿನ ದೂರು ಇಲ್ಲಿಗೆ ಮುಗೀತು. ಇನ್ನೊಂದು ಮಾತು. ಅಜ್ಜ ಒತ್ತಿದ್ರೆ ನೀವು ಇಲ್ಲದೆಯೂ ಒಂದು ಮತದಲ್ಲಿ ಗೆಲ್ತೀವಿ. ನಾಳೆ ನಿಮಗೆ ಜ್ವರ ಬರಲಿ. ಕ್ಷೇತ್ರ ಉಳಿಯುತ್ತೆ. ನಮಗೂ ಮುಂದೆ ಆ ಸೀಟು ಬೇಕು."

ಈಗ ಬಾಗಿಲು ತೆರೆದಿತ್ತು, ಚಿಲಕವಿರಲಿಲ್ಲ. ಒಳಗೆ ಉಳಿದುಕೊಳ್ಳಲು ಎಲ್ಲರ ಒಪ್ಪಿಗೆಯೂ ಇತ್ತು.

ಶಾಸಕಿ ಅಜ್ಜನ ಕಡೆ ನೋಡಿದರು. "ನೀವೇನಂತೀರಿ?"

"ನೀನು ಪಕ್ಕದಲ್ಲಿ ಕೂತ್ರೆ ಒತ್ತುತ್ತೀನಿ ಮಗಳೇ. ನೀನಿಲ್ಲದಿದ್ರೆ ಈ ಬೆರಳನ್ನ ನಾನೇ ನಂಬಲ್ಲ."

"ನನಗೆ ಜ್ವರ ಬರಲ್ಲ ಸರ್," ಎಂದರು ಶಾಸಕಿ ಮಂತ್ರಿಗೆ. "ನಿನ್ನೆ ಕೂಡಿಹಾಕಿದವರ ಮೇಲೆ ದೂರು ತಂದವಳು ನಾಳೆ ನಾನೇ ಮನೆಯಲ್ಲಿ ಅಡಗಿ ಕೂತ್ರೆ, ಇವರು ನನ್ನನ್ನ ಎಣಿಸಿದ್ದು ಸರಿ ಅಂತ ಆಗುತ್ತೆ. ಸೋತರೆ ಗೂಡಿನವರ ಮುಂದೆ ನಿಂತು, ಸೋತೆ ಅಂತ ಹೇಳೋಕೆ ನನಗೆ ಬಾಯಿದೆ."

ಮರುದಿನ ಮಧ್ಯಾಹ್ನ ಅವರಿಬ್ಬರೂ ಅಕ್ಕಪಕ್ಕ ಕೂತು ಗುಂಡಿ ಒತ್ತಿದರು. ನಲವತ್ತೆರಡು, ನಲವತ್ತು.

ವೀಕ್ಷಕರ ಗ್ಯಾಲರಿಯಿಂದ ಇಳಿದು ಬರುವಾಗ ಭಾವಮೈದ ಕೇಳಿದ, "ಮುಂದಿನ ಸಲ ಗೆಲ್ತಾರಾ ಭಾವ?"

ಭಾವ ಗೇಟಿನ ಕಡೆ ಕೈ ತೋರಿಸಿದರು. ಅಲ್ಲಿ ಗೂಡಿನ ಕೆಲಸದವರ ಗುಂಪು ಕೂಗಾಡುತ್ತಿತ್ತು. ಅದರ ನಡುವೆ ಶಾಸಕಿಯ ಅಣ್ಣ ಕಲ್ಲುಬೆಂಚಿನ ಮೇಲೆ ಹತ್ತಿ ನಿಂತಿದ್ದ. ಅಂಗಿಯ ತೋಳು ಮಡಚಿತ್ತು, ಮುಖ ಕೆಂಪಗಿತ್ತು.

"ನನಗೂ ಸಿಟ್ಟು ಬಂದಿದೆ ಕಣ್ರಪ್ಪ, ನಿಮಗಿಂತ ಜಾಸ್ತಿ!" ಎಂದು ಅವನು ಅಷ್ಟೇ ಜೋರಾಗಿ ಕೂಗಿದ. "ಆದ್ರೆ ಹಿಂದಿನ ಬಾಗಿಲಿಂದ ಹೋಗು ಅಂದ್ರೆ ಅವಳು ಕೇಳಲಿಲ್ಲ. ಈ ಗೇಟಿಂದಲೇ ಬರ್ತಿದ್ದಾಳೆ. ಜಾಗ ಬಿಡಿ. ಬೈಯೋದಿದ್ರೆ ಅವಳ ಮುಖ ನೋಡಿ ಬೈರಿ, ಅವಳು ನಿಂತು ಕೇಳ್ತಾಳೆ."