ಬರಿಯ ಹಣೆ

"ಕಣ್ಣು ಬಿಡಿ ನೀಲಮ್ಮನೋರೇ, ನಾನೇನು ಹುಲಿ ಅಲ್ಲ," ಎಂದರು ಜವರಪ್ಪನವರು.

"ಇಷ್ಟು ಹತ್ರ ಹುಲಿ ಬಂದ್ರೂ ಹೆದರ್ತಿರ್ಲಿಲ್ಲ ಕಣ್ರೀ."

ಅವರು ನಕ್ಕರು. ಕೈ ಅಲುಗಿ ಹನಿ ನನ್ನ ಕೆನ್ನೆಗೆ ಬಿತ್ತು.

ಅರವತ್ಮೂರನೇ ವಯಸ್ಸಿಗೆ ನನ್ನ ಒಂದು ಕಣ್ಣಿಗೆ ಪೊರೆ ಆಪರೇಷನ್ ಆಗಿತ್ತು, ಇನ್ನೊಂದಕ್ಕೆ ಇನ್ನೂ ಪೊರೆ. ದಿನಕ್ಕೆ ಆರು ಸಲ ಹನಿ. ಮಗ ಅಮರೇಶನಿಗೆ ಹೂಟಗಳ್ಳಿ ಫ್ಯಾಕ್ಟರಿ, ಸೊಸೆಗೆ ಸ್ಕೂಲು. ನಾನೇ ಹಾಕಿಕೊಳ್ಳಲು ಹೋದರೆ ಮೂಗು ಒದ್ದೆ. ಕುಂಬಾರಕೊಪ್ಪಲಿನ ನಮ್ಮ ಎದುರುಮನೆಯ ಜವರಪ್ಪನವರು, ಹೆಂಡತಿ ಹೋಗಿ ಐದು ವರ್ಷವಾದವರು, ಹಗಲಿನದ್ದು ನನಗೆ ಬಿಡಿ ಎಂದರು. ಜಗಲಿಯಲ್ಲೇ, ಎಲ್ಲರೂ ನೋಡುವ ಹಾಗೆ.

ಬೆರಳಿಂದ ಮೆಲ್ಲಗೆ ರೆಪ್ಪೆ ಎಳೆಯುತ್ತಿದ್ದರು. ನನಗೆ ಅವರ ಮುಖ ಬರೀ ಮಂಜು. ಆದರೂ ಹನ್ನೊಂದಕ್ಕೆ ಮುಂಚೆಯೇ ತಲೆ ಬಾಚಿ ಕೂರುತ್ತಿದ್ದೆ. ನಾಚಿಕೆಯಾಗುತ್ತಿತ್ತು, ಖುಷಿಯೂ ಆಗುತ್ತಿತ್ತು.

ಒಂದೇ ಹಿಂಸೆ, ಹಣೆ ಬೋಳು. ವಿಭೂತಿ ಉದುರಿ ಕಣ್ಣಿಗೆ ಬಿದ್ದರೆ ಅಪಾಯವೆಂದು ಡಾಕ್ಟರು ಬೇಡ ಎಂದಿದ್ದರು.

ಎರಡನೇ ವಾರ ಅಮರೇಶ ಸಿಡಿದ. "ಅವ್ವ, ಬೀದೀಲಿ ಆಡ್ಕೋತಿದಾರೆ. ಈ ವಯಸ್ಸಲ್ಲಿ ಇದೆಲ್ಲ ಬೇಕಾ? ಅವರು ಬರೋದು ಬೇಡ. ಬೆಳಿಗ್ಗೆ, ಸಂಜೆ ನಾನೇ ಹಾಕ್ತೀನಿ, ಸಾಕು."

ಹೂಂ ಅಂದೆ. ಗಂಡನಿಲ್ಲದೆ ಮಗನ ಮನೆಯಲ್ಲಿರುವವಳು ಇನ್ನೇನು ಮಾಡಿಯಾಳು? ನಾಲ್ಕೇ ದಿನಕ್ಕೆ ಕಣ್ಣು ಕೆಂಡವಾಯಿತು. "ಇನ್ನೆರಡು ದಿನ ಬಿಟ್ಟಿದ್ರೆ ಕಣ್ಣೇ ಹೋಗ್ತಿತ್ತು," ಎಂದು ಡಾಕ್ಟರು ಬೈದರು. ಅಮರೇಶ ತಲೆ ತಗ್ಗಿಸಿದ, ಎದುರುಮನೆಗೆ ಮಾತ್ರ ಹೋಗಲಿಲ್ಲ. ನಾನೇ ಗೋಡೆ ಹಿಡಿದು, ಬೀದಿ ದಾಟಿ, ಅವರ ಬಾಗಿಲು ತಟ್ಟಿದೆ. ಅಂದಿನಿಂದ ಮತ್ತೆ ಬರತೊಡಗಿದರು.

ತಿಂಗಳಾದ ಮೇಲೆ ಕನ್ನಡಕ ಬಂತು. ಜಗಲಿಯಲ್ಲಿ ಹಾಕಿಕೊಂಡು ಮೊದಲು ನೋಡಿದ್ದು ಜವರಪ್ಪನವರ ಮುಖ. ಮಠಕ್ಕೆ ನಡೆದುಕೊಳ್ಳುವ ಆ ಮನುಷ್ಯನ ಹಣೆ ಬರಿದು.

"ನಿಮ್ಮ ವಿಭೂತಿ ಎಲ್ಲಿ?"

"ನಾನು ಬಗ್ಗಿದಾಗ ನಿಮ್ಮ ಕಣ್ಣಿಗೆ ಉದುರಿದ್ರೆ? ಮೊದಲನೇ ದಿನದಿಂದಲೇ ಬಿಟ್ಟಿದೀನಿ."

"ಮನೇಲಿ ಮಗ, ಸೊಸೆ ಕೇಳಲಿಲ್ವಾ?"

"ಕೇಳಿದ್ರು. ನೀಲಮ್ಮನೋರ ಕಣ್ಣು ವಾಸಿಯಾಗ್ಲಿ, ಆಮೇಲೆ ಹಚ್ತೀನಿ ಅಂದೆ."

"ನಾವು ಬರಬೇಡಿ ಅಂದ ಆ ನಾಲ್ಕು ದಿನ?"

ಅವರು ಕೈಯಲ್ಲಿದ್ದ ಖಾಲಿ ಹನಿ ಸೀಸೆ ನೋಡಿದರು. "ಆಗಲೂ ಹಚ್ಚಲಿಲ್ಲ. ಕರೀತೀರಿ ಅಂತ ಕಾಯ್ತಿದ್ದೆ."

ಒಳಗಿಂದ ವಿಭೂತಿ ಗಟ್ಟಿ ತಂದು, ನೀರು ಹಾಕಿ ತೇದು, ಹಾಡಹಗಲಲ್ಲಿ ಅವರ ಹಣೆಗೆ ಮೂರು ಬೆರಳು ಎಳೆದೆ.

"ಅವ್ವಾ!" ಬಾಗಿಲಲ್ಲಿ ಅಮರೇಶ, ಅವತ್ತು ಅವನಿಗೆ ರಜೆ.

ನಾನು ತಿರುಗಲಿಲ್ಲ.

"ಇನ್ನೊಂದು ಕಣ್ಣಿನ ಆಪರೇಷನ್ ಮುಂದಿನ ತಿಂಗಳು," ಎಂದೆ ಜವರಪ್ಪನವರಿಗೆ. "ಅಲ್ಲೀವರೆಗೂ ದಿನಾ ಬನ್ನಿ, ನಾನೇ ಹಚ್ತೀನಿ."