ಕತ್ತರಿಸಿದ ಆ ಅರ್ಧ ನಿಮಿಷ

"ನನ್ನನ್ನ ಎಲ್ಲಿಗ್ರೀ ಕಳಿಸಿದ್ರಿ?!"

ಪೀಣ್ಯದ ಪುಟ್ಟ ವಿಡಿಯೋ ಅಂಗಡಿಯ ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಿ ಬಂದ ಅನುಸೂಯ, ತಂಗಿಯ ಮದುವೆಯ ಕ್ಯಾಸೆಟ್ಟನ್ನು ಮೇಜಿನ ಮೇಲೆ ಕುಕ್ಕಿದಳು. ಸಿಟ್ಟಿಗೆ ಅವಳ ಮೂಗಿನ ತುದಿ ಕೆಂಪಾಗಿತ್ತು.

ಕ್ಯಾಮೆರಾ ಒರೆಸುತ್ತಿದ್ದ ಶ್ಯಾಮಣ್ಣ ಬೆಚ್ಚಿ ಎದ್ದು ನಿಂತ. ಆ ಮದುವೆಯ ವಿಡಿಯೋ ತೆಗೆದವನು ಅವನೇ.

"ಏನಾಯ್ತು ಮೇಡಂ?"

"ಏನಾಯ್ತಾ? ಧಾರೆ ಹೊತ್ತಲ್ಲಿ ತಂಗಿ ಪಕ್ಕದಲ್ಲೇ ನಿಂತಿದ್ದೆ. ಟೀವಿಲಿ ನೋಡಿದ್ರೆ... ಕಣ್ಣು ಮಿಟುಕಿಸೋದ್ರೊಳಗೆ ನಾನಿಲ್ಲ! ಮಂಟಪದಲ್ಲಿ ನಿಂತೋಳು ಮಾಯ ಆದ್ಲು, ಇವಳಿಗೆ ಗಾಳಿ ಸೋಕಿದೆ ಅಂತ ಇಡೀ ಲಗ್ಗೆರೆ ಮಾತಾಡ್ತಾವ್ರೆ. ನನ್ನ ನೋಡೋಕೆ ಬರ್ಬೇಕಾಗಿದ್ದ ಗಂಡಿನ ಕಡೆಯೋರು ಬರಲ್ಲ ಅಂತ ಹೇಳಿ ಕಳಿಸಿದ್ರು!"

ಅವಳ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅದು ೧೯೮೬. ಲಗ್ಗೆರೆಯವರು ತಮ್ಮದೇ ಮುಖಗಳನ್ನು ಟೀವಿಯಲ್ಲಿ ನೋಡಿದ್ದು ಅದೇ ಮೊದಲು. ಸಿನಿಮಾದಲ್ಲಿ ದೇವರು ಮಾಯವಾದರೆ ಕೈಮುಗಿಯುವ ಜನ, ಪಕ್ಕದ ಮನೆಯ ಹುಡುಗಿ ಮಾಯವಾದರೆ ಸುಮ್ಮನಿರುತ್ತಾರೆಯೇ? ಅಜ್ಜಿ ಭದ್ರಮ್ಮನಂತೂ ಉಪ್ಪು ಮೆಣಸಿನಕಾಯಿ ನಿವಾಳಿಸಿ ನಿವಾಳಿಸಿ ಮನೆಮಂದಿಯನ್ನೆಲ್ಲ ಕೆಮ್ಮಿಸಿಬಿಟ್ಟಿದ್ದಳು.

'ಎಲ್ಲರೂ ಇದ್ದಾರೆ, ನಾನೊಬ್ಬಳೇ ಇಲ್ಲ. ಅಷ್ಟೊಂದು ಬೇಡವಾದವಳಾ ನಾನು?' ಅನುಸೂಯಳಿಗೆ ಅಳು ಒತ್ತರಿಸಿ ಬಂತು.

"ಕತ್ತರಿಸಿದ್ದು ನಾನೇ," ಎಂದ ಶ್ಯಾಮಣ್ಣ ಮೆಲ್ಲಗೆ. "ಯಾಕೆ ಅಂತ ನೀವೇ ನೋಡಿ."

ಮೇಜಿನ ಮೇಲೆ ಎರಡು ವಿಸಿಆರ್, ನಡುವೆ ಒಂದು ವೈರು. ಒಂದರಲ್ಲಿ ಮೂಲ ಕ್ಯಾಸೆಟ್ ಓಡುತ್ತದೆ, ಇನ್ನೊಂದು ಬೇಕಾದಷ್ಟನ್ನು ಮಾತ್ರ ರೆಕಾರ್ಡ್ ಮಾಡಿಕೊಳ್ಳುತ್ತದೆ. ಬೇಡವಾದ ಕಡೆ ಪಾಜ್ ಬಟನ್ ಒತ್ತಿದರೆ, ಆ ಹೊತ್ತು ಇರಲೇ ಇಲ್ಲವೇನೋ ಎಂಬಂತೆ ಚಿತ್ರ ಮುಂದಕ್ಕೆ ನೆಗೆಯುತ್ತದೆ. ಅವನು ಮಾಡಿ ತೋರಿಸಿದ. ಕಾರ್ಖಾನೆಯಲ್ಲಿ ದಿನವಿಡೀ ಮೋಟಾರಿನ ಕಾಯಿಲ್ ಸುತ್ತುವ ಅನುಸೂಯ, ಕೋಪ ಮರೆತು ಬಾಯಿ ತೆರೆದು ನೋಡಿದಳು. ಕಾಲವನ್ನೇ ಕತ್ತರಿಸಿಬಿಡಬಹುದೇ... ಒಂದು ಬೆರಳಿನಲ್ಲಿ!

ಆಮೇಲೆ ಅವನು ಕತ್ತರಿಸದ ಮೂಲ ಕ್ಯಾಸೆಟ್ ಹಾಕಿದ.

ಅಲ್ಲಿ ಅವಳಿದ್ದಳು. ಕೈಯಲ್ಲಿ ಆರತಿ ತಟ್ಟೆ. ಎಲ್ಲರ ಕಣ್ಣೂ ಮದುಮಗಳ ಮೇಲೆ. ಇವಳ ಕೆನ್ನೆಯ ಮೇಲೆ ಮಾತ್ರ ನೀರು ಇಳಿಯುತ್ತಿತ್ತು... ತುಟಿ ಕಚ್ಚಿಕೊಂಡು, ಸೆರಗಿನಿಂದ ಒರೆಸಿಕೊಂಡು, ಸದ್ದಿಲ್ಲದೆ ಸರಿದುಹೋದಳು. ಬರೀ ಅರ್ಧ ನಿಮಿಷ. 'ಅಕ್ಕ ಇರುವಾಗ ತಂಗಿಗೆ ಮೊದಲಾ?' ಎಂದು ಬೆಳಗಿನಿಂದ ಕೇಳಿದವರಿಗೆಲ್ಲ ನಕ್ಕೇ ಉತ್ತರ ಕೊಟ್ಟಿದ್ದಳು. ಅತ್ತಿದ್ದನ್ನು ಯಾರೂ ನೋಡಲಿಲ್ಲ ಎಂದುಕೊಂಡಿದ್ದಳು.

ಒಬ್ಬ ನೋಡಿದ್ದ!

"ಇದನ್ನ ಊರೆಲ್ಲ ನೋಡೋದು ಬೇಡ ಅನ್ನಿಸ್ತು ರೀ. ಜನ ಹೀಗೆ ತಿಳ್ಕೋತಾರೆ ಅಂತ ನನ್ನ ತಲೆಗೇ ಹೊಳೀಲಿಲ್ಲ. ತಪ್ಪು ನಂದೇ. ಹೇಳಿ, ಇದನ್ನೇ ತಂದು ತೋರಿಸ್ತೀನಿ. ಗಾಳಿ ಮಾತು ಇವತ್ತೇ ನಿಲ್ಲುತ್ತೆ."

"ಬೇಡ!" ಅವಳು ಟೀವಿಗೆ ಅಡ್ಡ ಬಂದು ನಿಂತಳು. "ನನ್ನ ತಂಗಿ ಇದನ್ನ ನೋಡಿದ್ರೆ ಜೀವನ ಪೂರ್ತಿ ಕೊರಗ್ತಾಳೆ. ಅದಕ್ಕಿಂತ ಗಾಳಿ ಹಿಡಿದೋಳು ಅಂತಲೇ ಅನ್ನಿಸ್ಕೋತೀನಿ ಬಿಡಿ."

ಶ್ಯಾಮಣ್ಣ ಕ್ಯಾಸೆಟ್ ಹೊರತೆಗೆದು ಬೀರುವಿನಲ್ಲಿಟ್ಟ. ಆಮೇಲೆ ಹೇಳಿದ, "ಭಾನುವಾರ ಕ್ಯಾಮೆರಾ ತರ್ತೀನಿ. ಇಡೀ ಊರನ್ನೇ ಮಾಯ ಮಾಡ್ಬಿಡೋಣ!"

ಭಾನುವಾರ ಬೆಳಿಗ್ಗೆ ಲಗ್ಗೆರೆಯ ಅರಳಿಕಟ್ಟೆಯ ಮುಂದೆ ಮೂರು ಕಾಲಿನ ಸ್ಟ್ಯಾಂಡು ನಿಂತಿತು. "ಯಾರೂ ಅಲ್ಲಾಡ್ಬೇಡಿ!" ಎಂದು ಶ್ಯಾಮಣ್ಣ ಕ್ಯಾಮೆರಾ ನಿಲ್ಲಿಸುವುದು, ಒಬ್ಬರನ್ನು ಎಬ್ಬಿಸುವುದು, ಮತ್ತೆ ಶುರುಮಾಡುವುದು... ಮಧ್ಯಾಹ್ನ ಅದನ್ನೇ ಟೀವಿಯಲ್ಲಿ ಹಾಕಿದಾಗ ಊರಿಗೆ ಊರೇ ಉಸಿರು ಬಿಗಿಹಿಡಿಯಿತು.

ಕಟ್ಟೆಯ ಮೇಲೆ ಕೂತಿದ್ದ ಸೊಣ್ಣಪ್ಪ ತಟ್ಟನೆ ಇಲ್ಲ! ಕಟ್ಟೆಯ ಮುಂದೆ ಅವನದೇ ಎಮ್ಮೆ ನಿಂತಿದೆ! ಭದ್ರಮ್ಮಜ್ಜಿ ಇದ್ದಳು... ಇಲ್ಲ... ಮತ್ತೆ ಇದ್ದಾಳೆ!

"ಅಯ್ಯೋ, ನಾನಿಲ್ಲೇ ಕುಂತಿವ್ನಿ, ಅಲ್ಲಿಂದ ಎಲ್ಲೋದೆ?" ಎಂದ ಅಜ್ಜಿ, ಮರುಕ್ಷಣವೇ ಎದ್ದು ನಿಂತಳು. "ಎಲ್ಲಾ ಈ ಡಬ್ಬಿ ಆಟ! ನನ್ನ ಮೊಮ್ಮಗಳಿಗೆ ಯಾವ ಗಾಳೀನೂ ಇಲ್ಲ ಕಣ್ರಪ್ಪೋ!"

ಊರೆಲ್ಲ ನಕ್ಕಿತು. ಗಂಡಿನ ಕಡೆಯವರು 'ಹುಡುಗಿ ನೋಡೋಕೆ ಬರ್ತೀವಿ' ಎಂದು ಹೇಳಿ ಕಳಿಸಿದರು. ಅನುಸೂಯಳಿಗೆ ಯಾಕೋ ಸಂತೋಷವೇ ಆಗಲಿಲ್ಲ.

ಸೋಮವಾರ ಊಟದ ಬಿಡುವಿನಲ್ಲಿ ಅವಳ ಕಾಲುಗಳು ತಾವಾಗಿಯೇ ವಿಡಿಯೋ ಅಂಗಡಿಯ ಮೆಟ್ಟಿಲು ಹತ್ತಿದವು.

"ಅವ್ರು ಬರ್ತಾರಂತೆ..." ಎಂದಳು.

ಶ್ಯಾಮಣ್ಣನ ಮುಖ ಬಾಡಿತು. "ಒಂದು ತುಂಡು ಊರಿಗೆ ತೋರಿಸ್ಲಿಲ್ಲ. ನೀವು ನೋಡ್ತೀರಾ?"

ಪರದೆಯ ಮೇಲೆ ಹೊಂಗೆ ಮರದ ಕೆಳಗೆ ಅವಳೊಬ್ಬಳೇ, ಕ್ಯಾಮೆರಾಗೆ ಬೆನ್ನು ಮಾಡಿ ನಿಂತಿದ್ದಳು. ನಿನ್ನೆ, 'ಬೆಳಕು ನೋಡ್ತೀನಿ, ತಿರುಗ್ಬೇಡಿ' ಎಂದು ಹಾಗೆ ನಿಲ್ಲಿಸಿದವನು ಅವನೇ. ಎವೆಯಿಕ್ಕುವುದರೊಳಗೆ... ಪಕ್ಕದಲ್ಲಿ ಶ್ಯಾಮಣ್ಣ! ಎಷ್ಟೋ ವರ್ಷದಿಂದ ಅಲ್ಲೇ ಇದ್ದವನಂತೆ. ಅನುಸೂಯಳ ಮೈ ಜುಮ್ಮೆಂದಿತು.

"ಬೆಳಕು ನೋಡ್ತೀನಿ ಅಂದ್ರಲ್ಲ ನಿನ್ನೆ... ಸುಳ್ಳಾ?"

"ಸುಳ್ಳು. ನಿಮ್ಮ ಪಕ್ಕ ನಿಂತ್ರೆ ಹೇಗಿರುತ್ತೆ ಅಂತ ನೋಡ್ಬೇಕಿತ್ತು. ಯಾವಾಗ್ಲೂ ಅಲ್ಲೇ ಇರ್ಬೇಕು ಅನ್ನಿಸ್ಬಿಡ್ತು. ನಮ್ಮೂರು ಹೂಡಿಯಿಂದ ನಮ್ಮಪ್ಪನ್ನ ನಿಮ್ಮನೆಗೆ ಕರ್ಕೊಂಡು ಬರ್ಲಾ?"

ಅವಳು ತಲೆ ತಗ್ಗಿಸಿದಳು. "ಆ ಗಂಡಿನ ಕಡೆಯೋರಿಗೆ ಬರ್ಬೇಡಿ ಅಂತ ಹೇಳಿಸ್ತೀನಿ. ಆದ್ರೆ... ನೀವು ಬಂದಿದ್ದೇ ಇದ್ರಲ್ಲಿ ಕಾಣಲ್ವಲ್ಲ?"

"ಕತ್ತರಿಸ್ಬಿಟ್ಟೆ. ಓಡಿ ಬರೋವಾಗ ಎಡವಿ ಬಿದ್ದೆ. ಚೆನ್ನಾಗಿರ್ಲಿಲ್ಲ."

"ನಂಗೆ ಅದೇ ಬೇಕು. ನನಗೋಸ್ಕರ ಒಬ್ರು ಓಡಿ ಬಂದಿದ್ದನ್ನ ನಾನು ಯಾವತ್ತೂ ನೋಡಿಲ್ಲ ರೀ."

ಅವನು ನಾಚಿಕೊಂಡೇ ಮೂಲ ಕ್ಯಾಸೆಟ್ ಹಾಕಿದ. ಓಡಿದ, ಬಿದ್ದ, ಮೊಣಕಾಲು ಉಜ್ಜಿಕೊಂಡು ಮತ್ತೆ ಅವಳತ್ತಲೇ ಓಡಿದ. ಅನುಸೂಯಳಿಗೆ ನಗುವೂ ಬಂತು, ಕಣ್ಣೂ ತುಂಬಿತು.

"ಇನ್ನೊಂದ್ಸಲ ಹಾಕಿ..."

"ಎಷ್ಟು ಸಲ ನೋಡ್ತೀರಾ?"

"ನಿಮ್ಮಪ್ಪ ನಮ್ಮನೆಗೆ ಬರೋವರ್ಗೂ!"