ಕ್ಯಾಮೆರಾ ಹಿಡಿದವನ ಮೇಲೆ ಒಂದು ಕಣ್ಣು

ಅವನು ನನ್ನ ಕಾಲಿನ ಫೋಟೋ ತೆಗೆಯುತ್ತಿದ್ದ.

ನಾನು ಸತ್ತವರ ನಡುವೆ ಕಣ್ಣು ಮುಚ್ಚಿ ಮಲಗಿದ್ದೆ. ಪೂರ್ತಿ ಮುಚ್ಚಿರಲಿಲ್ಲ. ರೆಪ್ಪೆಯ ಸಂದಿನಲ್ಲಿ ಅವನ ಬೂಟು, ಬಗ್ಗಿದ ಮೊಣಕಾಲು, ಕೈಯಲ್ಲಿನ ಫೋನು ಕಂಡವು. ಎಡಗಾಲಿನದೊಂದು, ಬಲಗಾಲಿನದೊಂದು. ಆಮೇಲೆ ಕಿವಿಯದು. ಕಿವಿಯ ಹತ್ತಿರ ಬಂದಾಗ ಅವನು ಉಸಿರು ಹಿಡಿದಿದ್ದ. ನಾನೂ ಹಿಡಿದಿದ್ದೆ. ಆದರೆ ನಾನು ಹೆಣ, ನನಗೆ ಅದು ಕೆಲಸ.

ನಮ್ಮೂರು ಚಚಡಿಯ ಹೊರಗಿನ ಹಳೆಯ ಕಲ್ಲಿನ ಖಣಿಯಲ್ಲಿ ಸಿನಿಮಾ ಶೂಟಿಂಗ್ ನಡೆದಿತ್ತು. ಯಾವುದೋ ದೂರ ದೇಶದ ಯುದ್ಧ, ಅದರ ಫೋಟೋ ತೆಗೆಯಲು ಹೋದ ಪತ್ರಿಕೆಯವರ ಕಥೆ. ಪ್ಲೈವುಡ್ಡಿನ ಗೋಡೆಗಳಿಗೆ ಮಸಿ ಬಳಿದು ಒಂದು ಊರನ್ನೇ ಸುಟ್ಟಿದ್ದರು. ಸುತ್ತಲಿನ ಹಳ್ಳಿಯ ಹೆಂಗಸರು ಆ ಊರಿನ ಜನ. ಬೆಳಿಗ್ಗೆ ಸತ್ತು ಮಲಗುವುದು, ಮಧ್ಯಾಹ್ನ ಎದ್ದು ಗಂಟು ಹೊತ್ತು ಓಡುವುದು.

"ಮುಖಕ್ಕ ಹಿಡಿ ಧೂಳ ಬಡೀತಾರ್ರಿ ಕಾಕಾ, ಹಡದವ್ವಗೂ ಗುರ್ತ ಸಿಗೂದಿಲ್ಲ" ಎಂದು ಅಪ್ಪನನ್ನು ಒಪ್ಪಿಸಿದವಳು ನನ್ನ ಗೆಳತಿ ರೇಣು. ಗುರುತು ಸಿಗುವುದಿಲ್ಲ ಎಂದಿದ್ದಕ್ಕೇ ಅಪ್ಪ ಒಪ್ಪಿದ್ದು.

ಅಪ್ಪನ ಭಯಕ್ಕೆ ಕಾರಣವಿತ್ತು. ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಸಾಲಿಯ ನಳದ ಹತ್ತಿರ ಕೂದಲು ಬಿಚ್ಚಿ ಕಟ್ಟುತ್ತಿದ್ದೆ. ಯಾರೋ ಫೋಟೋ ತೆಗೆದರು. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೂ ಅದು ಫೋನಿನಿಂದ ಫೋನಿಗೆ ಹೋಗಿ, ಅದರ ಕೆಳಗೆ ಮಾತು ಸೇರಿ, ಕಿತ್ತೂರಿನ ಸೋದರಮಾವನ ತನಕ ತಲುಪಿತು. ಮರುದಿನದಿಂದ ನನಗೆ ಸಾಲಿ ಇಲ್ಲ. ತೆಗೆದವರು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಹಾಗಾಗಿ ಗಂಡಸರು ಎದುರಾದರೆ ನಾನು ಮೊದಲು ಮುಖ ನೋಡುವುದಿಲ್ಲ, ಕೈ ನೋಡುತ್ತೇನೆ.

ಇವನ ಕೈಯಲ್ಲಿ ಯಾವಾಗಲೂ ಫೋನು. ಹೆಸರು ಸಿದ್ಧಾರೂಢ, ಬೈಲಹೊಂಗಲದವನು ಎಂದು ರೇಣು ಪತ್ತೆ ಮಾಡಿದ್ದಳು. ಮಾತು ಕಡಿಮೆ. ನಾನು ಗಂಟು ಹೊತ್ತರೆ ಬೆನ್ನ ಹಿಂದೆ ಬರುತ್ತಿದ್ದ. ಸೆರಗು ಹರಿದರೆ ಸೆರಗಿನ ಹತ್ತಿರ. ಕುಂಕುಮ ಅಳಿಸಿದ ನನ್ನ ಬರಿ ಹಣೆಯನ್ನೂ ಬಿಡಲಿಲ್ಲ.

"ನಿನ್ನ ಕಾಲ ನೋಡಿ ಮಳ್ಳ ಆಗ್ಯಾನಲೇ ಮಾನಂದಾ" ಎಂದು ರೇಣು ನಕ್ಕಳು.

"ಒಡದ ಹಿಮ್ಮಡಿ ನೋಡಿ?"

"ರಸಿಕ ಅದಾನ ಬಿಡ!"

ನನಗೆ ನಗು ಬರಲಿಲ್ಲ.

ಮರುದಿನ ಚಹಾದ ಟೆಂಟಿನ ಹಿಂದೆ ಅವನು ಒಬ್ಬನೇ ಸಿಕ್ಕ. ನೆಟ್ಟಗೆ ಹೋಗಿ ಅವನ ಎದುರಿಗೆ ನಿಂತೆ.

"ಫೋನ್ ತೋರಸ್ರಿ."

"ರೀ?"

"ನನ್ನ ಫೋಟೋ ಎಷ್ಟ ಅದಾವು ತೋರಸ್ರಿ. ಇಲ್ಲಂದ್ರ ಇಲ್ಲೇ ಒದರತೀನಿ."

ಅವನು ಕೈಯಲ್ಲಿದ್ದ ಚಹಾದ ಕಪ್ಪು ಕೆಳಗಿಟ್ಟು, ಫೋನು ತೆರೆದು ನನ್ನ ಕೈಗೇ ಕೊಟ್ಟ. "ನೋಡ್ರಿ. ಕಂಟಿನ್ಯೂಟಿ ಅಂತಾರ ಇದಕ್ಕ. ಇವತ್ತ ನಿಮ್ಮ ಎಡಗಾಲಿಗೆ ಎಷ್ಟ ಧೂಳ ಇತ್ತೋ, ನಾಳೆ ಅದ ಸೀನ್ ತಗದ್ರ ಅಷ್ಟ ಇರಬೇಕು. ಇಲ್ಲಂದ್ರ ಥೇಟರ್‌ನ್ಯಾಗ ಮಂದಿ ನಗತಾರ್ರಿ."

ಫೋನಿನಲ್ಲಿ ರೇಣುವಿನ ಕಿವಿ ಇತ್ತು. ಕಟಕೋಳದಿಂದ ಬರುವ ಶಟ್ಟೆವ್ವಾಯಿಯ ಪಾದಗಳಿದ್ದವು. ಯಾರದೋ ಹರಿದ ತೋಳು, ಯಾರದೋ ಬಳೆ ತೆಗೆದ ಮುಂಗೈ. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಫೋನು ವಾಪಸು ಕೊಡುವವಳಿದ್ದೆ, ಬೆರಳು ಇನ್ನೊಂದು ಸಲ ಸರಿಯಿತು.

ನಾನು ನಗುತ್ತಿದ್ದೆ. ಮುಖದ ಮೇಲೆ ಧೂಳಿರಲಿಲ್ಲ. ಕೈಯಲ್ಲಿ ಉಪ್ಪಿಟ್ಟಿನ ತಾಟು, ಪಕ್ಕದಲ್ಲಿ ರೇಣುವಿನ ಅರ್ಧ ಭುಜ. ಅಷ್ಟು ಬಾಯಿಬಿಟ್ಟು ನಗುತ್ತೇನೆಂದು ನನಗೇ ಗೊತ್ತಿರಲಿಲ್ಲ.

"ಇದು ಯಾವ ಸೀನಿನ ಕಂಟಿನ್ಯೂಟಿ?"

ಅವನ ಮುಖ ಕೆಂಪಾಯಿತು. ಸುಳ್ಳು ಹುಡುಕಲು ಅವನಿಗೆ ಸಮಯವಿತ್ತು, ಹುಡುಕಲಿಲ್ಲ. "ಅದು ಕೆಲಸದ್ದಲ್ರಿ."

"ಅಳಸ್ರಿ."

ಅಳಿಸಿದ. ಆಮೇಲೆ ನಾನು ಹೇಳದಿದ್ದರೂ, ಅಳಿಸಿದ್ದು ಹೋಗಿ ಬೀಳುವ ಜಾಗವನ್ನೂ ತೆರೆದು ಅಲ್ಲಿಂದಲೂ ತೆಗೆದ. ನಾನು ಅದನ್ನು ಗಮನಿಸಿದೆ. ಇಂಥದ್ದೆಲ್ಲ ರೂಢಿ ಇದ್ದವನೇ ಇರಬೇಕು ಎಂದೂ ಅಂದುಕೊಂಡೆ.

ಆ ವಾರವೇ ನನಗೊಂದು ದೊಡ್ಡ ಸೀನು ಬಂತು. ಬಾಂಬು ಬಿದ್ದ ಮನೆಯ ಮುಂದೆ ಬಟ್ಟೆಯ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಅಳಬೇಕು. ಪತ್ರಕರ್ತನಾದ ಹೀರೋ ಓಡಿಬಂದು ಫೋಟೋ ತೆಗೆಯುತ್ತಾನೆ. ನಾನು ಕ್ಯಾಮೆರಾ ನೋಡಬೇಕು, ಅಷ್ಟೇ.

ಹೀರೋ ಬಂದ. ಮಂಡಿಯೂರಿದ. ಲೆನ್ಸು ನನ್ನ ಮುಖದ ಹತ್ತಿರ, ಇನ್ನೂ ಹತ್ತಿರ ಬಂತು. ಸಾಲಿಯ ನಳ ನೆನಪಾಯಿತು. ನನಗೆ ತಿಳಿಯುವ ಮೊದಲೇ ನನ್ನ ಅಂಗೈ ಆ ಲೆನ್ಸಿನ ಮೇಲಿತ್ತು.

ಇನ್ನು ಬೈಗುಳ ಬಿತ್ತು ಎಂದು ತಲೆ ತಗ್ಗಿಸಿದೆ. ಡೈರೆಕ್ಟರು ಕುರ್ಚಿಯಿಂದ ಎದ್ದರು. "ಇದೇ ಬೇಕು! ಇನ್ನೊಂದು ಆ್ಯಂಗಲ್‌ನಿಂದ ತೆಗೆಯೋಣ. ಸಿದ್ದು, ಆ ಕೈ ಹಾಗೇ ಫೋಟೋ ತಗೋ."

ಅವನು ಬಂದು ನನ್ನ ಮುಂದೆ ಕುಕ್ಕರುಗಾಲಲ್ಲಿ ಕುಳಿತ. ಫೋನು ಕಿಸೆಯಲ್ಲೇ ಇತ್ತು.

"ಕೈ ಫೋಟೋ ಬೇಕಾಗೇತ್ರಿ. ತಗೀಲೇನು?"

ಇಡೀ ಯೂನಿಟ್ಟು ಕಾಯುತ್ತಿತ್ತು. ನನ್ನನ್ನು ಹೀಗೆ ಕೇಳಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಎಲ್ಲರೆದುರು ಒಳ್ಳೆಯವನಾಗಲು ನೋಡುತ್ತಿದ್ದಾನೆ ಅನ್ನಿಸಿತು.

"ಬ್ಯಾಡ" ಎಂದೆ.

ಅವನು ತಲೆಯಾಡಿಸಿ ಎದ್ದ. "ಬ್ಯಾಡ ಅಂದಾರ ಸರ್. ನಾ ನೆನಪ ಇಟಗೋತೇನಿ."

ಬೈಗುಳ ಅವನ ಮೇಲೆ ಬಿತ್ತು. ಕೆಲಸ ಬಿಡಿಸುವ ಮಾತೂ ಬಂತು. ಅವನು ಕೇಳಿಸಿಕೊಂಡು ನಿಂತ. ಆಮೇಲೆ ಮತ್ತೆ ಬಂದು, ಹಾಗೇ ಎತ್ತಿ ಹಿಡಿದಿದ್ದ ನನ್ನ ಅಂಗೈಯನ್ನು ನೋಡಿದ. ಅವನ ನೋಟ ಬೆರಳಿನಿಂದ ಬೆರಳಿಗೆ ನಿಧಾನವಾಗಿ ಹೋಯಿತು, ಮುಂಗೈಯ ಹತ್ತಿರ ನಿಂತಿತು, ಕಣ್ಣು ಎತ್ತಿದಾಗ ನನ್ನ ಕಣ್ಣಿಗೆ ಸಿಕ್ಕಿ ಗಾಬರಿಯಾಗಿ ಕೆಳಗಿಳಿಸಿದ. ಕ್ಯಾಮೆರಾ ಜಾಗ ಬದಲಾದ ಮೇಲೆ ತನ್ನದೇ ಕೈ ಎತ್ತಿ ತೋರಿಸಿದ.

"ಹಿಂಗಿತ್ರಿ. ಕಿರುಬೆರಳು ಸ್ವಲ್ಪ ಕೆಳಗ."

ನನ್ನ ಕೈ ಇದ್ದದ್ದೇ ಹಾಗೆ. ಫೋಟೋ ಆದರೆ ಅಳಿಸು ಎನ್ನಬಹುದು. ಕಣ್ಣಿನಲ್ಲಿ ಇಟ್ಟುಕೊಂಡದ್ದನ್ನು ಅಳಿಸು ಎಂದು ಯಾರಿಗೆ ಹೇಳುವುದು?

ಆದರೂ ಸಂಶಯ ಹೋಗಲಿಲ್ಲ. ಅವನನ್ನು ಪರೀಕ್ಷಿಸಲು ರೇಣುವನ್ನು ಕಳಿಸಿದೆ.

"ನಮ್ಮ ಮಾನಂದಾ ಆ ನಗೂ ಫೋಟೋ ಕೇಳಾಕತ್ತಾಳ್ರಿ, ನನ್ನ ಫೋನಿಗೆ ಹಾಕ್ರಿ" ಎಂದು ಅವಳು ನೆಟ್ಟಗೆ ಕೇಳಿದಳಂತೆ.

"ಅಳಿಸೇನಲ್ರಿ."

"ಎಲ್ಲಿ ಅಳಸ್ತೀರಿ? ಗಂಡಸರು ಒಂದ್ ಕಾಪಿ ಎಲ್ಲರೆ ಮುಚ್ಚಿ ಇಟ್ಟ ಇರತಾರು."

"ನೀವಾಗೇ ಕೇಳಾಕತ್ತೀರೋ, ಖರೇನ ಅವರ ಕಳಿಸ್ಯಾರೋ?" ಎಂದು ಅವನು ನಕ್ಕನಂತೆ. "ಕಳಿಸಿದ್ರ ಹೇಳ್ರಿ, ಇಲ್ಲ ಅಂತ. ನನ್ನ ಕಡೆ ಇದ್ದಿದ್ರ ನನಗೂ ಛಲೋ ಇರತಿತ್ತು."

ಆ ಕೊನೆಯ ಮಾತನ್ನು ರೇಣುವಿನ ಬಾಯಿಂದ ನಾನು ಮತ್ತೆ ಮತ್ತೆ ಹೇಳಿಸಿದೆ. ಸುಳ್ಳೇನಾದರೂ ಸಿಗುತ್ತದೇನೋ ಎಂದು. ಕಾರಣ ಅದೇ ಎಂದು ಅವಳು ನಂಬಲಿಲ್ಲ.

ಶೂಟಿಂಗ್ ಮುಗಿದ ದಿನ ಪ್ಲೈವುಡ್ಡಿನ ಊರನ್ನು ಬಿಚ್ಚಿ ಲಾರಿಗೆ ಹಾಕುತ್ತಿದ್ದರು. ಅವನು ನನ್ನ ಹತ್ತಿರ ಬಂದು ನಿಂತ, ಕೈಗಳನ್ನು ಎರಡು ಬದಿಗೆ ಇಳಿಬಿಟ್ಟು, ನನಗೆ ಕಾಣುವ ಹಾಗೆ.

"ಹೋಗಿ ಬರತೇನ್ರಿ."

"ಆ ಫೋಟೋ ಯಾಕ ತಗದಿದ್ರಿ?"

"ದಿನಾ ನಿಮ್ಮ ಮೈಮ್ಯಾಲಿನ ಧೂಳ ಅಷ್ಟ ನೋಡತಿದ್ನಿ. ಅವತ್ತ ನಕ್ರಿ. ಕೇಳಿದ್ರ ನಗೂದ ನಿಲ್ಲಸ್ತೀರಿ ಅಂತ ಕೇಳಲಿಲ್ಲ. ತಪ್ಪ ನಂದ. ಮನಸೂ ನಂದ."

ನನ್ನ ಸಾಲಿ ಬಿಟ್ಟ ಕಥೆ ಹೇಳಿದೆ. ಯಾರಿಗೂ ನಾನಾಗಿ ಹೇಳಿದ್ದಿಲ್ಲ. ಅವನು ಸಮಾಧಾನ ಮಾಡಲಿಲ್ಲ, "ನಾ ಅಂಥಾವಲ್ಲ" ಎಂದೂ ಅನ್ನಲಿಲ್ಲ. ಅಂದಿದ್ದರೆ ನಾನು ಅಲ್ಲಿಂದಲೇ ತಿರುಗುತ್ತಿದ್ದೆ.

"ನಿಮ್ಮ ಮ್ಯಾಲ ಸಂಶಯ ಇನ್ನೂ ಐತಿ" ಎಂದೆ.

"ಇರಲ್ರಿ."

"ದೂರ ಕುಂತು ಸಂಶಯ ಪಡೂದು ಸಾಕಾಗೇತಿ. ಎದುರಿಗೆ ಕುಂತು ಪಡಬೇಕಂತ ಐತಿ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಮುಖವೆಲ್ಲ ಒಮ್ಮೆಲೇ ಬೆಳಗಿತು. ಅವನು ಅದನ್ನು ಬಚ್ಚಿಡಲು ಹೋಗಿ ಸೋತ.

"ಮನಿಗೆ ಬರಬೇಕಾಗತೈತಿ" ಎಂದೆ. "ನಮ್ಮ ಅಪ್ಪಗ ಕ್ಯಾಮೆರಾದವ್ರಂದ್ರ ಆಗೂದಿಲ್ಲ, ಮೊದಲ ಹೇಳಿರತೀನಿ."

"ಸೋಮವಾರ ಬರತೇನ್ರಿ. ನಮ್ಮ ಅವ್ವನ್ನೂ ಕರಕೊಂಡು."

ವ್ಯಾನು ಬೈಲಹೊಂಗಲದ ದಾರಿ ಹಿಡಿಯಿತು. ಬರುತ್ತಾನೋ ಇಲ್ಲವೋ, ಗಂಡಸರ ಸೋಮವಾರ ಯಾವ ವಾರದ್ದೋ ಎಂದುಕೊಳ್ಳುತ್ತ ರೇಣುವಿನ ಜೊತೆ ಊರ ಕಡೆ ನಡೆದೆ. ದಾರಿಯಲ್ಲಿ ಅಂಗಡಿಯ ಮುಂದೆ ನಿಂತು ಸಕ್ಕರೆ, ಚಹಾಪುಡಿ, ಒಂದಿಷ್ಟು ರವಾ ಕಟ್ಟಿಸಿಕೊಂಡೆ.

"ಯಾರ ಬರಾವ್ರದಾರಲೇ?" ಎಂದಳು ರೇಣು.

"ಯಾರಿಲ್ಲ. ಏಲಕ್ಕಿ ಅದಾವೇನ್ರಿ?" ಎಂದು ಅಂಗಡಿಯವನನ್ನು ಕೇಳಿದೆ.